ಯಾರೂ ಮನೆ ಬಿಟ್ಟು ಹೋಗಬೇಕಾ

ಸೈರನ್ನಿಗೆ ಇನ್ನೂ ಹೊತ್ತಿತ್ತು, ಆದರೆ ಆಡಬೇಕಾದ ಮಾತು ಆಗಲೇ ಬಂದು ಅವಳ ಬಾಯಲ್ಲಿ ಕೂತಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗಲೇ ಅದು ನಾಲಿಗೆಯ ಮೇಲಿತ್ತು, ಬಾಯಿ ಮುಕ್ಕಳಿಸಿ ಉಗುಳಿದರೂ ಹೋಗಲಿಲ್ಲ. ತಿಂಗಳ ಮೊದಲ ಶನಿವಾರ ಯಾವಾಗಲೂ ಹೀಗೇ. ಟೀ ಮಾಡೋಣವೆಂದು ಸಕ್ಕರೆಗೆ ಕೈ ಹಾಕಿದರೆ ಉಪ್ಪು ಸಿಕ್ಕಿತು. ಅಕ್ಕ ಮತ್ತೆ ಡಬ್ಬಿಗಳ ಜಾಗ ಬದಲಾಯಿಸಿದ್ದಳು. ಕರೆಂಟು ಹೋದಾಗ ಕತ್ತಲಲ್ಲೇ ನಿಂತು ಟೀ ಮಾಡಿಕೊಳ್ಳುತ್ತಿದ್ದ ತನ್ನದೇ ಅಡುಗೆಮನೆಯಲ್ಲಿ ಅವಳು ಈಗ ಹಾಡಹಗಲಲ್ಲಿ ತಡಕಾಡಬೇಕು. "ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ. ಈಗ ಎಲ್ಲಾ ಹೇಗೆ ಕಾಣ್ಸತ್ತೆ ನೋಡು," ಎಂದಳು ಅಕ್ಕ, ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು. ಹಲ್ಲಿನ ಸೆಟ್ಟು ಹಾಕಿಸಿಕೊಂಡ ಮೇಲೆ ಅಕ್ಕ ಮಾತಾಡುವಾಗಲೆಲ್ಲ ಹೀಗೆ ಕೈ ಅಡ್ಡ ಹಿಡಿಯುತ್ತಾಳೆ. ಸೆಟ್ಟು ಸಡಿಲ, ಮಾತಿನ ಜೊತೆ ಅದೂ ಎಲ್ಲಿ ಹೊರಗೆ ಬಂದೀತೋ ಎಂಬ ಭಯ. ಹಾಗಂತ ಮಾತು ಕಡಿಮೆ ಮಾಡಿದವಳಲ್ಲ. "ಚೆನ್ನಾಗಿ ಕಾಣ್ಸತ್ತೆ ಅಕ್ಕ," ಎಂದಳು ಅವಳು, ಉಪ್ಪು ಬಿದ್ದ ಟೀಯನ್ನು ಸದ್ದಾಗದಂತೆ ಬಚ್ಚಲಿಗೆ ಸುರಿಯುತ್ತಾ.

ಚೆನ್ನಾಗಿ ಮಾತಾಡುವುದು ಅವಳ ಉದ್ಯೋಗವೇ. ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಫೋನು ಕಿವಿಗೆ ಸಿಕ್ಕಿಸಿಕೊಂಡು ಕೂತು, ವಾರವಿಡೀ ಊರಿನವರ ಬೈಗುಳ ಕೇಳಿ, "ನಿಮ್ಮ ತೊಂದರೆ ಅರ್ಥವಾಗುತ್ತದೆ, ದಯವಿಟ್ಟು ಸಹಕರಿಸಿ" ಎನ್ನಬೇಕು. ಬೈದವನ ಮನೆಯಲ್ಲಿ ಸಂಜೆಗೆ ದೀಪ ಹತ್ತುತ್ತದೆ, ಬೈಗುಳ ಮಾತ್ರ ಇವಳ ಕಿವಿಯಲ್ಲೇ ಉಳಿಯುತ್ತದೆ. ಒಮ್ಮೆ ಅಕ್ಕ ಮಂಡಿ ನೋವು ಅಂದಾಗ ಇವಳ ಬಾಯಿಂದ ಅದೇ ದನಿಯಲ್ಲಿ "ನಿಮ್ಮ ತೊಂದರೆ ಅರ್ಥವಾಗುತ್ತದೆ" ಎಂದು ಬಂದುಬಿಟ್ಟಿತ್ತು. ಅಕ್ಕ ತಮಾಷೆಯೆಂದುಕೊಂಡು ಹೊಟ್ಟೆ ಹಿಡಿದು ನಕ್ಕಳು. ಮಹಡಿ ಇಳಿದು ಹೋಗಿ ಕೆಳಗಿನ ಮನೆಯವರಿಗೂ ಹೇಳಿ ನಗಿಸಿ ಬಂದಳು. ಅದು ತಮಾಷೆಯಾಗಿರಲಿಲ್ಲ ಎನ್ನುವುದು ಇವಳಿಗೊಬ್ಬಳಿಗೇ ಗೊತ್ತಿತ್ತು. ಅಕ್ಕ ನಕ್ಕಷ್ಟೂ ಹೊತ್ತು ಇವಳಿಗೆ ಮೈ ಪರಚಿಕೊಳ್ಳುವ ಹಾಗಾಗಿತ್ತು, ಆ ರಾತ್ರಿ ಅಕ್ಕನ ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೊಟ್ಟವಳೂ ಇವಳೇ.

ಊರಿನ ಮೇಲ್ಗಡೆ ಜಲಾಶಯವಿದೆ. ಅದರ ಗೋಡೆ ಒಡೆದರೆ ಜನ ಗುಡ್ಡದ ಮೇಲಿನ ಶಾಲೆಗೆ ಓಡಬೇಕು, ಅದಕ್ಕೆಂದು ನೀರಿನ ಟ್ಯಾಂಕಿನ ನೆತ್ತಿಯ ಮೇಲೆ ಸೈರನ್ ಕೂರಿಸಿದ್ದಾರೆ. ಗೋಡೆ ಇಲ್ಲಿಯವರೆಗೆ ಒಡೆದಿಲ್ಲ. ಸೈರನ್ ಮಾತ್ರ ತಿಂಗಳು ತಿಂಗಳೂ ಮೊದಲ ಶನಿವಾರ ನಡುಹಗಲಿಗೆ ತನ್ನ ಗಂಟಲು ಸರಿಯಿದೆಯೇ ಎಂದು ನೋಡಿಕೊಳ್ಳುತ್ತದೆ. ಮೊದಲು ಟ್ಯಾಂಕಿನವನು ಮೈಕಿನಲ್ಲಿ ಕೆಮ್ಮುತ್ತಾನೆ. ಆಮೇಲೆ, "ಇದು ಪರೀಕ್ಷೆ ಮಾತ್ರ. ಯಾರೂ ಗಾಬರಿ ಆಗಬಾರದು. ಯಾರೂ ಮನೆ ಬಿಟ್ಟು ಹೋಗಬೇಕಾ" ಎನ್ನುತ್ತಾನೆ. ಅಲ್ಲಿಗೆ ಅವನ ಉಸಿರು ಮುಗಿಯುತ್ತದೆ. ಇಡೀ ಊರಿಗೆ ಕೇಳುವ ಹಾಗೆ ಉಸಿರು ಎಳೆದುಕೊಂಡು, "ಗಿಲ್ಲ" ಎನ್ನುತ್ತಾನೆ. ಪ್ರತಿ ಸಲವೂ ಅಲ್ಲೇ, ಅದೇ ಅಕ್ಷರದಲ್ಲಿ. ಆ ನಡುವಿನ ಹೊತ್ತಿನಲ್ಲಿ ಊರಿಗೆ ಊರೇ ಒಂದು ಪ್ರಶ್ನೆಯ ಕೆಳಗೆ ನಿಂತಿರುತ್ತದೆ, ಯಾರಿಗೂ ಅದರ ಪರಿವೆಯಿಲ್ಲ. ಇವಳಿಗೆ ಮಾತ್ರ ಹಲ್ಲು ಕಡಿಯುವಂತಾಗುತ್ತದೆ. ಹೋಗಬೇಕಾಗಿಲ್ಲ ಅನ್ನುವುದು ಒಂದು ಪದ, ಅದನ್ನು ನಡುವೆ ಮುರಿಯಬೇಡಿ ಎಂದು ಪುರಸಭೆಗೆ ಫೋನು ಮಾಡಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದಾಳೆ. ಅಲ್ಲಿಯೂ ಇವಳಂಥವಳೇ ಒಬ್ಬಳು ಕೂತಿರುತ್ತಾಳೆ, ನಿಮ್ಮ ತೊಂದರೆ ಅರ್ಥವಾಗುತ್ತದೆ ಎನ್ನುತ್ತಾಳೆ ಎಂದು ಸುಮ್ಮನಾಗಿದ್ದಾಳೆ.

ಸೈರನ್ನಿನೊಳಗೆ ಕೂಗುವ ಚಟ ಹತ್ತಿದ್ದು ಅಕ್ಕ ಬಂದು ಕೆಲವು ತಿಂಗಳಾದ ಮೇಲೆ. ಒಂದು ಶನಿವಾರ ಸೈರನ್ ಮೊಳಗುತ್ತಿದ್ದಾಗ ಕುಕ್ಕರಿನ ಮುಚ್ಚಳ ಕಾಲ ಮೇಲೆ ಬಿತ್ತು. ಅವಳು ಬಾಯಿಗೆ ಬಂದದ್ದನ್ನು ಬೈದಳು. ಬೈದದ್ದು ಅವಳಿಗೇ ಕೇಳಿಸಲಿಲ್ಲ. ಬಾಯಿ ಆಡಿತ್ತು, ಗಂಟಲು ಉರಿದಿತ್ತು, ಎದೆ ಹಗುರವಾಗಿತ್ತು, ಆದರೆ ಜಗತ್ತಿನಲ್ಲಿ ಆ ಮಾತು ಆಡಿದ್ದಕ್ಕೆ ಗುರುತೇ ಇರಲಿಲ್ಲ. ಬಿಟ್ಟಿ ಸಿಕ್ಕಿದ್ದನ್ನು ಯಾರು ಬಿಡುತ್ತಾರೆ? ಮುಂದಿನ ತಿಂಗಳು ಕಾದು ನಿಂತು ಕಚೇರಿಯ ಮೇಲಧಿಕಾರಿಗೆ ಬೈದಳು. ಅದರ ಮುಂದಿನ ತಿಂಗಳು ಮನೆ ಮಾಲೀಕನಿಗೆ. ಬರಬರುತ್ತಾ ಅವರೆಲ್ಲ ಉದುರಿಹೋಗಿ ಅಕ್ಕ ಒಬ್ಬಳೇ ಉಳಿದಳು. ಅಕ್ಕ ಆ ಹೊತ್ತಿಗೆ ಬಾಲ್ಕನಿಯಲ್ಲಿ ಟ್ಯಾಂಕಿನ ಕಡೆ ಮುಖಮಾಡಿ, ಎರಡೂ ಕಿವಿಗೆ ಬೆರಳು ತುರುಕಿಕೊಂಡು ನಿಂತಿರುತ್ತಾಳೆ. ಅಡುಗೆಮನೆಯಿಂದ ಅವಳ ಬೆನ್ನು ಕಾಣುತ್ತದೆ. ಬೆನ್ನಿಗೆ ಏನು ಬೇಕಾದರೂ ಹೇಳಬಹುದು.

ಹೇಳುವುದಾದರೂ ಏನಿತ್ತು? ಒಂದು ಕೋಣೆ, ಅಷ್ಟೆ. ಈ ಮನೆಯಲ್ಲಿ ಎರಡು ಕೋಣೆ. ಒಂದರಲ್ಲಿ ಅವಳು ಮಲಗುತ್ತಿದ್ದಳು. ಇನ್ನೊಂದನ್ನು ಖಾಲಿ ಬಿಟ್ಟಿದ್ದಳು, ಕಿಟಕಿಯ ಬಳಿ ಒಂದು ಕುರ್ಚಿ ಬಿಟ್ಟರೆ ಏನೂ ಇಲ್ಲ. ಕಚೇರಿಯಿಂದ ಬಂದು ದೀಪ ಹಾಕದೆ ಅಲ್ಲಿ ಕೂರುತ್ತಿದ್ದಳು, ಕಿವಿಯೊಳಗಿನ ಜನರೆಲ್ಲ ಒಬ್ಬೊಬ್ಬರಾಗಿ ಎದ್ದು ಹೋಗುವವರೆಗೆ. ಅಕ್ಕ ಬಂದ ದಿನ ಆ ಕೋಣೆಯ ಬಾಗಿಲಲ್ಲಿ ನಿಂತು, "ಇದ್ಯಾಕೆ ಹೀಗಿಟ್ಟಿದೀಯ?" ಎಂದು ಕೇಳಿದ್ದಳು. "ಸುಮ್ನೆ," ಎಂದಿದ್ದಳು ಇವಳು. "ಸುಮ್ನೆ ಯಾರಾದ್ರೂ ಒಂದು ಕೋಣೆ ಇಟ್ಕೋತಾರೇನೆ?" ಎಂದು ಅಕ್ಕ ಒಳಗೆ ಹೋಗಿ ಕಿಟಕಿ ತೆರೆದಿದ್ದಳು. ಭಾವ ಹೋದ ಮೇಲೆ ಕಾರ್ಖಾನೆಯವರು ಕೊಟ್ಟಿದ್ದ ಮನೆ ಖಾಲಿ ಮಾಡಬೇಕಾಗಿತ್ತು, ಮಕ್ಕಳಿರಲಿಲ್ಲ, ನಾಲ್ಕು ದಿನ ಇದ್ದು ಹೋಗ್ತೀನಿ ಎಂದು ಬಂದಿದ್ದಳು. ಇವಳೇ ಕಪಾಟಿನ ಅರೆಗಳಿಗೆ ಹೊಸ ಕಾಗದ ಹಾಸಿ, ಮಂಚ ತರಿಸಿ, ಕುರ್ಚಿಯನ್ನು ಮಡಚಿ ಬಾಲ್ಕನಿಗೆ ಸಾಗಿಸಿದ್ದಳು. ಎರಡು ಬೇಸಿಗೆ ಕಳೆದರೂ ಆ ನಾಲ್ಕು ದಿನ ಮುಗಿದಿರಲಿಲ್ಲ. ಅಂದಿನಿಂದ ಇವಳು ಆ ಕೋಣೆಯ ಹೊಸ್ತಿಲು ತುಳಿದಿಲ್ಲ. ಅಕ್ಕ ಕರೆದರೂ ಹೊರಗೇ ನಿಂತು ಮಾತಾಡಿಸುತ್ತಾಳೆ. ಇದು ಹಟ ಎಂದು ಅವಳಿಗೆ ಗೊತ್ತು, ಮುಜುಗರವೂ ಇದೆ, ಆದರೂ ಬಿಟ್ಟಿಲ್ಲ.

ಮತ್ತೆ ಆ ಬ್ಯಾಗು. ಸೈರನ್ನಿನ ಬಗ್ಗೆ ಪುರಸಭೆ ಹಂಚಿದ ಕರಪತ್ರವನ್ನು ಊರಿನಲ್ಲಿ ಪೂರ್ತಿ ಓದಿದವಳು ಅಕ್ಕ ಒಬ್ಬಳೇ ಇರಬೇಕು. ಅಗತ್ಯ ವಸ್ತುಗಳ ಚೀಲವೊಂದನ್ನು ಸದಾ ಬಾಗಿಲ ಬಳಿ ಇಟ್ಟಿರಬೇಕು ಎಂದು ಅದರಲ್ಲಿತ್ತು. ಅಂದೇ ಅಕ್ಕ ತಾನು ತಂದಿದ್ದ ಕಂದು ಬಣ್ಣದ ದೊಡ್ಡ ಬ್ಯಾಗನ್ನು ಮುಂಬಾಗಿಲ ಪಕ್ಕಕ್ಕೆ ತಂದಿಟ್ಟಳು. ದಿನಾ ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುವಾಗ ಇವಳು ಅದನ್ನು ಎಡವುತ್ತಾಳೆ. "ಒಳಗಿಡು ಅಕ್ಕ, ಕಾಲಿಗೆ ಸಿಗತ್ತೆ," ಎಂದು ದಿನಾ ಹೇಳುತ್ತಾಳೆ. "ಅಯ್ಯೋ, ನೀರು ಬಂದಾಗ ಹುಡುಕ್ತಾ ಕೂರೋಕಾಗತ್ತಾ?" ಎಂದು ಅಕ್ಕ ದಿನಾ ಹೇಳುತ್ತಾಳೆ. ಒಮ್ಮೆ ಸಿಟ್ಟಿನಿಂದ ಇವಳು ಅದನ್ನು ಕಾಲಿನಿಂದ ಒತ್ತಿ ಮೂಲೆಗೆ ಸರಿಸಿದ್ದಳು. ಟಾರ್ಚು, ಮಾತ್ರೆ, ಬಿಸ್ಕತ್ತು ಇಷ್ಟಕ್ಕೆ ಅದು ಅಷ್ಟು ಭಾರವಿರಬೇಕಾಗಿರಲಿಲ್ಲ ಎಂಬುದು ಆಗ ತಲೆಗೆ ಹೋಗಲಿಲ್ಲ.

ನಡುಹಗಲು ಹತ್ತಿರವಾಯಿತು. ಅಕ್ಕ ಬಾಲ್ಕನಿಗೆ ಹೋಗಿ ನಿಂತಳು. ಇವಳು ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ, ತೊಳೆದ ಲೋಟವನ್ನೇ ಮತ್ತೆ ತೊಳೆಯತೊಡಗಿದಳು. ಟ್ಯಾಂಕಿನವನು ಕೆಮ್ಮಿದ. ಪರೀಕ್ಷೆ ಮಾತ್ರ ಎಂದ, ಗಾಬರಿ ಆಗಬಾರದು ಎಂದ, ಹೋಗಬೇಕಾ ಎಂದು ನಿಂತ, ಉಸಿರೆಳೆದ, ಗಿಲ್ಲ ಎಂದ. ಸೈರನ್ ಕೆಳಗಿನಿಂದ ಏರತೊಡಗಿತು. ಕಿಟಕಿಯ ಗಾಜು ನಡುಗಿತು, ತಂತಿಯ ಮೇಲಿನ ಪಾರಿವಾಳಗಳೆಲ್ಲ ಎದ್ದುಹೋದವು. ಅವಳು ಮೊದಲು ಗಂಟಲು ಸರಿಮಾಡಿಕೊಂಡಳು, ಆಮೇಲೆ ಶುರುಮಾಡಿದಳು: ಡಬ್ಬಿ ಮುಟ್ಟಬೇಡ ಎಂದಳು, ನಾನು ಕುಡಿದು ಮುಗಿಸೋ ಮುಂಚೆ ಲೋಟ ಎತ್ಕೊಂಡು ಹೋಗಬೇಡ ಎಂದಳು, ಏನು ಯೋಚನೆ ಮಾಡ್ತಿದೀಯ ಅಂತ ಕೇಳಬೇಡ, ನಾನು ಏನೂ ಯೋಚನೆ ಮಾಡ್ತಿಲ್ಲ, ಮಾಡೋಕೆ ನೀನು ಬಿಟ್ರೆ ತಾನೆ ಎಂದಳು. ದನಿ ತಾನಾಗಿ ಏರಿತು. ಸೈರನ್ ತನ್ನ ಎತ್ತರಕ್ಕೆ ಹೋಗಿ ನಿಂತಾಗ ಅವಳೂ ತನ್ನ ಎತ್ತರಕ್ಕೆ ಹೋದಳು, ಎಂದಿನ ಕೊನೆಯ ವಾಕ್ಯಕ್ಕೆ ಬಂದಳು. ಆಗ ಸೈರನ್ ಕತ್ತು ಹಿಸುಕಿದಂತೆ ನಿಂತುಹೋಯಿತು.

"ಸಾಕಾಯ್ತು ಅಕ್ಕ, ಇನ್ನಾದ್ರೂ ಹೋಗು."

ಅವಳ ದನಿ ಅಡುಗೆಮನೆಯಿಂದ ಹೊರಟು, ನಡುಮನೆ ದಾಟಿ, ಬಾಲ್ಕನಿಯವರೆಗೂ ಹೋಯಿತು. ಅದು ತನ್ನ ದನಿ ಎಂದು ಅವಳಿಗೆ ಕೂಡಲೇ ಹೊಳೆಯಲಿಲ್ಲ, ಇಷ್ಟು ಜೋರಾಗಿ ಅದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ನಲ್ಲಿ ಹರಿಯುತ್ತಿತ್ತು. ನಿಲ್ಲಿಸಿದರೆ ಇನ್ನೂ ಮೌನವಾಗುತ್ತದೆಂದು ಹಾಗೇ ಬಿಟ್ಟಳು. ಹೋಗು ಅಂದದ್ದು ಪಾರಿವಾಳಕ್ಕೆ ಎನ್ನಬಹುದಿತ್ತು. ಸಾಕಾಯ್ತು ಅಂದದ್ದು ಸೆಕೆಗೆ ಎನ್ನಬಹುದಿತ್ತು. ಎರಡರ ನಡುವೆ ಅಕ್ಕ ಅನ್ನುವ ಪದ ಗೂಟ ಹೊಡೆದುಕೊಂಡು ಕೂತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಕ್ಕನೇ ಚಿಕ್ಕಂದಿನಲ್ಲಿ ಇವಳಿಗೆ ಹೇಳಿಕೊಟ್ಟಿದ್ದಳು, ಪಕ್ಕದ ಮನೆಯ ಹುಡುಗಿಯನ್ನು ಕುಂಟಿ ಎಂದು ಕರೆದದ್ದಕ್ಕೆ. ಕೇಳಿಸಿರಲಿಕ್ಕಿಲ್ಲ, ಕಿವಿಯಲ್ಲಿ ಬೆರಳಿದೆ ಎಂದುಕೊಂಡು ಬಗ್ಗಿ ನೋಡಿದಳು. ಅಕ್ಕನ ಕೈಗಳು ಕೆಳಗಿಳಿದು ಕಂಬಿ ಹಿಡಿದುಕೊಂಡಿದ್ದವು. ಬೆನ್ನು ತಿರುಗಲಿಲ್ಲ. ಸೈರನ್ ಅರ್ಧಕ್ಕೆ ನಿಂತಿದೆ, ಅಕ್ಕ ಅದಕ್ಕೆ ಏನೂ ಹೇಳಲಿಲ್ಲ. ಹಾಲಿನವನು ಒಂದು ಮೆಟ್ಟಿಲು ಹೆಚ್ಚು ಸದ್ದು ಮಾಡಿ ಹತ್ತಿದರೂ ಒಂದು ಮಾತು ಹೇಳುವ ಅಕ್ಕ ಇದಕ್ಕೆ ಸುಮ್ಮನಿದ್ದಳು. ಕೇಳಿಸಿದೆ ಎನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮೈಕಿನಲ್ಲಿ ಕೆಮ್ಮು ಕೇಳಿತು. ಏನೋ ಕೆಟ್ಟಿದೆ, ಸರಿಮಾಡಿ ಸ್ವಲ್ಪ ಹೊತ್ತಿಗೆ ಮತ್ತೆ ಪರೀಕ್ಷೆ ಮಾಡುತ್ತೇವೆ ಎಂದು ಟ್ಯಾಂಕಿನವನು ಹೇಳಿದ. ಅವನ ಯಂತ್ರವೂ ಹಾಳಾಗಲಿ, ಅವನೂ ಹಾಳಾಗಲಿ ಎಂದು ಅವಳು ಶಪಿಸಿದಳು. ಅಕ್ಕ ಒಳಗೆ ಬಂದಳು, ಇವಳತ್ತ ನೋಡದೆ ತನ್ನ ಕೋಣೆಗೆ ಹೋದಳು. ಟವೆಲು, ಮಾತ್ರೆಯ ಡಬ್ಬಿ, ಹಲ್ಲಿನ ಸೆಟ್ಟು ಇಡುವ ಬಟ್ಟಲು ಹಿಡಿದುಕೊಂಡು ಹೊರಗೆ ಬಂದಳು. ಮುಂಬಾಗಿಲ ಬಳಿ ನೆಲದ ಮೇಲೆ ಕೂತು ಬ್ಯಾಗಿನ ಜಿಪ್ಪು ಎಳೆದಳು.

ಏನಾದರೂ ಹೇಳಬೇಕೆಂದು ಅವಳು ಕೈ ಒರೆಸಿಕೊಂಡು ಹತ್ತಿರ ಹೋದಳು. ಬ್ಯಾಗಿನಲ್ಲಿ ಅಕ್ಕನ ಬಟ್ಟೆಗಳಿದ್ದವು. ಎಲ್ಲಾ ಬಟ್ಟೆಗಳೂ. ನಿನ್ನೆ ಉಟ್ಟು ಒಗೆದದ್ದು ಮೇಲಿತ್ತು, ಅದರ ಕೆಳಗೆ ಸ್ವೆಟರು, ಅಂಚಿನಲ್ಲಿ ಟವೆಲಿನೊಳಗೆ ಸುತ್ತಿದ ಭಾವನ ಫೋಟೋ. ತೆರೆದ ಬಾಗಿಲಿನಿಂದ ಅಕ್ಕನ ಕೋಣೆ ಕಾಣುತ್ತಿತ್ತು, ಕಪಾಟಿನ ಕದ ಅರ್ಧ ತೆರೆದಿತ್ತು, ಅರೆಗಳ ಮೇಲೆ ತಾನು ಹಾಸಿಕೊಟ್ಟ ಕಾಗದ ಒಂದು ಕಲೆಯೂ ಇಲ್ಲದೆ ಹಾಗೇ ಇತ್ತು. ಇಡೀ ಮನೆಯ ಡಬ್ಬಿಗಳನ್ನು ಅತ್ತಿಂದಿತ್ತ ಮಾಡಿದ ಅಕ್ಕ ತನ್ನ ಒಂದು ಕರವಸ್ತ್ರವನ್ನೂ ಆ ಕಪಾಟಿನಲ್ಲಿ ಇಟ್ಟಿರಲಿಲ್ಲ.

"ಟಾರ್ಚು ಎಲ್ಲಿ?" ಎಂದಳು ಅವಳು.

"ಟಾರ್ಚು ಯಾಕೆ, ಹಗಲಲ್ವಾ," ಎಂದಳು ಅಕ್ಕ, ಬಾಯಿಗೆ ಕೈ ಅಡ್ಡ ಹಿಡಿದು.

"ಬಟ್ಟೆ ಎಲ್ಲಾ ಇದ್ರಲ್ಲೇ ಇಟ್ಕೊಂಡಿದೀಯಲ್ಲ ಅಕ್ಕ."

"ನಾಲ್ಕು ದಿನಕ್ಕೆ ಅಂತ ಬಂದೋಳು. ಬಿಚ್ಚಿಡೋಕೆ ಹೋಗ್ಲಿಲ್ಲ."

"ಈಗ ಎಲ್ಲಿಗೆ?"

"ನೋಡೋಣ. ನಿಮ್ಮ ಭಾವನ ತಂಗಿ ಇದ್ದಾಳಲ್ಲ."

ಭಾವನ ತಂಗಿ ಇದ್ದಾಳೆ, ಒಂದೇ ಕೋಣೆಯ ಮನೆಯಲ್ಲಿ, ಮಗ ಸೊಸೆ ಮೊಮ್ಮಕ್ಕಳ ಜೊತೆ, ಭಾವನ ಸಾವಿಗೂ ಬಾರದವಳು. ಅದು ಇಬ್ಬರಿಗೂ ಗೊತ್ತು. ಅವಳಿಗೆ ಅಳು ಬರಬೇಕಾಗಿತ್ತು, ಬಂದದ್ದು ಸಿಟ್ಟು. ಹೋಗುವುದನ್ನೂ ಇಷ್ಟು ಅಚ್ಚುಕಟ್ಟಾಗಿ ಮಾಡಬೇಕೇ? ಒಂದು ಬೈದಿದ್ದರೆ, ಕೃತಘ್ನೆ ಅಂದಿದ್ದರೆ, ನಿನ್ನ ಹೇನು ಹೆಕ್ಕಿ ಸಾಕಿದ್ದು ಇದಕ್ಕಾ ಅಂದಿದ್ದರೆ ಜಗಳವಾಡಬಹುದಿತ್ತು. ಅಮ್ಮ ಹೋದಾಗ ಇವಳಿನ್ನೂ ನೆಟ್ಟಗೆ ನಡೆಯುತ್ತಿರಲಿಲ್ಲ. ಅಕ್ಕ ಇವಳನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಶಾಲೆ ಬಿಟ್ಟವಳು, ಇವಳಿಗೋಸ್ಕರವೇ ಮದುವೆಯನ್ನು ಮುಂದೆ ಹಾಕುತ್ತಾ ಹೋದವಳು. ಪ್ರೀತಿ ಬಂದರೆ ಪಾಪು ಎನ್ನುತ್ತಿದ್ದಳು, ಸಿಟ್ಟು ಬಂದರೆ ಪಾಪಿ. ಬೀದಿಯ ಆ ತುದಿಯಲ್ಲಿ ಆಡುತ್ತಿದ್ದಾಗ ಅಕ್ಕನ ಕೂಗು ಕೇಳಿದರೆ ಇವಳು ಕೊನೆಯ ಅಕ್ಷರಕ್ಕೆ ಕಿವಿಗೊಟ್ಟು ನಿಲ್ಲುತ್ತಿದ್ದಳು, ಓಡಿ ಹೋಗಬೇಕೋ ಓಡಿ ಬರಬೇಕೋ ಎಂದು ತಿಳಿಯುವುದಕ್ಕೆ. ಈಗ ಅಕ್ಕ ಭಾವನ ಫೋಟೋವನ್ನು ಇನ್ನೊಂದು ಬದಿಗೆ ಸರಿಸಿ ಬಟ್ಟಲಿಗೆ ಜಾಗ ಮಾಡುತ್ತಿದ್ದಳು. ಅದನ್ನು ನೋಡುತ್ತಾ ನಿಂತ ಅವಳ ಮನಸ್ಸು, ಥೂ, ಬಾಲ್ಕನಿಯಲ್ಲಿ ಮಡಚಿಟ್ಟ ಕುರ್ಚಿಯ ಧೂಳು ಒರೆಸಿ ಕಿಟಕಿಯ ಬಳಿ ಇಡುತ್ತಿತ್ತು. ಅದನ್ನು ತಡೆಯಲು ಅವಳಿಂದಾಗಲಿಲ್ಲ, ತನ್ನ ಮೇಲೆ ತನಗೇ ಅಸಹ್ಯವಾಯಿತು.

ಅಕ್ಕ ಎದ್ದಳು, ಮಂಡಿ ಹಿಡಿದುಕೊಂಡು, ಗೋಡೆಗೆ ಕೈಕೊಟ್ಟು. ಚಪ್ಪಲಿ ಮೆಟ್ಟಿದಳು. ಬ್ಯಾಗು ಎತ್ತಿ ಬಾಗಿಲ ಚಿಲಕಕ್ಕೆ ಕೈ ಹಾಕಿದಳು. ಆಗ ಮೈಕಿನಲ್ಲಿ ಕೆಮ್ಮು ಕೇಳಿಸಿತು.

"ಇದು ಪರೀಕ್ಷೆ ಮಾತ್ರ. ಯಾರೂ ಗಾಬರಿ ಆಗಬಾರದು. ಯಾರೂ ಮನೆ ಬಿಟ್ಟು ಹೋಗಬೇಕಾ"

ಅಕ್ಕ ತಿರುಗಿ ಇವಳನ್ನು ನೋಡಿದಳು. ಚಿಲಕದ ಮೇಲಿನ ಕೈ ಅಲ್ಲೇ ಇತ್ತು. ಮೈಕಿನಲ್ಲಿ ಟ್ಯಾಂಕಿನವನು ಉಸಿರು ಎಳೆದುಕೊಳ್ಳುತ್ತಿದ್ದ, ಅವನು ಅಷ್ಟು ನಿಧಾನವಾಗಿ ಉಸಿರೆಳೆದದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಉಳಿದದ್ದು ಎರಡೇ ಅಕ್ಷರ. ಪ್ರತಿ ತಿಂಗಳೂ ಅವನಿಗಿಂತ ಮುಂಚೆ ಮನಸ್ಸಿನಲ್ಲಿ ಸಿಡುಕಿ ಸಿಡುಕಿ ಹೇಳಿಕೊಂಡ ಅಕ್ಷರ. ಕಚೇರಿಯಲ್ಲಿ ಕಂಡುಕೇಳರಿಯದವರಿಗೆಲ್ಲ ದಯವಿಟ್ಟು ದಯವಿಟ್ಟು ಎನ್ನುವ ಬಾಯಿ ತೆರೆಯಿತು, ನಾಲಿಗೆ ಎದ್ದಿತು, ಅಕ್ಕ ಕಾಯುತ್ತಿದ್ದಳು.

"ಗಿಲ್ಲ," ಎಂದ ಟ್ಯಾಂಕಿನವನು.

ಸೈರನ್ ಏರಿತು. ಅಕ್ಕ ಕಿವಿಗೆ ಬೆರಳು ಇಟ್ಟುಕೊಳ್ಳಲಿಲ್ಲ. ಬ್ಯಾಗು ಕೆಳಗಿಟ್ಟಳು, ಒಂದು ಹೆಜ್ಜೆ ಹತ್ತಿರ ಬಂದಳು, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡತೊಡಗಿದಳು. ಒಂದು ಮಾತೂ ಕೇಳಿಸಲಿಲ್ಲ. ಗಲ್ಲ ಆಡುತ್ತಿತ್ತು, ಕತ್ತಿನ ನರ ಉಬ್ಬುತ್ತಿತ್ತು, ಕಣ್ಣು ಇವಳ ಮುಖದಿಂದ ಕದಲಲಿಲ್ಲ. ಅಕ್ಕ ಹೇಳಿದಳು, ತಡೆದಳು, ಮತ್ತೆ ಹೇಳಿದಳು, ಬ್ಯಾಗನ್ನು ತೋರಿಸಿದಳು, ಅಡುಗೆಮನೆಯನ್ನು ತೋರಿಸಿದಳು, ಎದೆಗೆ ಕೈಯಿಟ್ಟು ಏನೋ ಹೇಳಿದಳು. ಕೈ ಎದೆಗೆ ಹೋದಾಗ ತುಟಿ ಕಾಣಿಸಿತು. ತುಟಿಗಳು ಒಂದಕ್ಕೊಂದು ತಾಗಿ ಬಿಟ್ಟವು, ಮತ್ತೆ ತಾಗಿದವು. ಪಾಪ್, ಅಷ್ಟು ಕಂಡಿತು. ಕೊನೆಯ ಅಕ್ಷರಕ್ಕೆ ತುಟಿ ಮುಂದೆ ಬಂತೋ ಹಿಂದೆ ಹೋಯಿತೋ ನೋಡುವಷ್ಟರಲ್ಲಿ ಕೈ ಮತ್ತೆ ಅಡ್ಡ ಬಂದಿತ್ತು. ಜೋರಾಗಿ ಹೇಳು ಅಕ್ಕ ಎಂದಳು ಅವಳು. ಅದೂ ಯಾರಿಗೂ ಕೇಳಿಸಲಿಲ್ಲ. ಸೈರನ್ ಇಳಿಯುವುದಕ್ಕೆ ಸ್ವಲ್ಪ ಮುಂಚೆ, ಎಲ್ಲಿ ನಿಲ್ಲಿಸಬೇಕೆಂದು ಮೊದಲಿನಿಂದಲೂ ಗೊತ್ತಿದ್ದವಳ ಹಾಗೆ, ಅಕ್ಕ ಬಾಯಿ ಮುಚ್ಚಿದಳು.

ಸೈರನ್ ನಿಂತಿತು. ಪಾರಿವಾಳಗಳು ತಂತಿಗೆ ಮರಳಿದವು.

"ಏನಂದೆ ಅಕ್ಕ?"

"ಏನಿಲ್ಲ. ಸುಮ್ನೆ."

ಅಕ್ಕ ಚಪ್ಪಲಿ ಬಿಟ್ಟಳು. ಬ್ಯಾಗನ್ನು ಗೋಡೆಯ ಪಕ್ಕ, ಅದೇ ಜಾಗಕ್ಕೆ ಸರಿಸಿದಳು.

"ಒಳಗಿಡು ಅಕ್ಕ," ಎಂದಳು ಅವಳು. ದಿನಾ ಹೇಳುವ ಮಾತೇ, ಇವತ್ತು ಅದಕ್ಕೆ ಇನ್ನೊಂದು ಸೇರಿಸಿದಳು. "ಕಪಾಟಿನಲ್ಲಿಡು."

"ಇರ್ಲಿ ಬಿಡು. ಬಾಗಿಲ ಹತ್ರಾನೇ ಇರ್ಬೇಕು ಅಂತ ಬರೆದಿದ್ದಾರಲ್ಲ," ಎಂದು ಅಕ್ಕ ಅಡುಗೆಮನೆಗೆ ಹೋದಳು. ನಲ್ಲಿ ನಿಲ್ಲಿಸಿದ ಸದ್ದು ಕೇಳಿತು. ಆಮೇಲೆ ಡಬ್ಬಿಗಳ ಸದ್ದು, ಒಂದು ಎತ್ತಿದ್ದು, ಒಂದು ಇಟ್ಟದ್ದು. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಅಕ್ಕ ಎತ್ತರದ್ದನ್ನು ಮುಂದಕ್ಕೆ, ಗಿಡ್ಡದ್ದನ್ನು ಹಿಂದಕ್ಕೆ ಇಡುತ್ತಿದ್ದಳು. ಸಕ್ಕರೆ ಒಲೆಯ ಬಲಕ್ಕೆ, ಟೀಪುಡಿ ಅದರ ಪಕ್ಕಕ್ಕೆ, ಉಪ್ಪು ಕಿಟಕಿಯ ಮೂಲೆಗೆ. ಅಕ್ಕ ಬರುವ ಮುಂಚೆ ಯಾವುದು ಎಲ್ಲಿತ್ತು ಎನ್ನುವುದು ಒಂದೂ ತಪ್ಪದೆ ಅಕ್ಕನಿಗೆ ನೆನಪಿತ್ತು. ಇರಲಿ ಅಕ್ಕ, ನೀನು ಇಟ್ಟ ಹಾಗೇ ಇರಲಿ ಎಂಬ ಮಾತು ಬಂದು ಅವಳ ಬಾಯಲ್ಲಿ ಕೂತಿತು. ಅದನ್ನು ಆಡಲು ಇನ್ನೊಂದು ತಿಂಗಳು ಸೈರನ್ ಇರಲಿಲ್ಲ.